ಒಂದೊಂದು ಹೊಲಿಗೆಗೂ ಒಂದೊಂದು ಗಂಟು

ಲೆಪರ್ಡ್ಸ್‌ಟೌನ್, ಡಬ್ಲಿನ್
29 ಮಾರ್ಚ್ 2020

ಮಲ್ಲಿಕಾರ್ಜುನನಿಗೆ,

ಕ್ಷೇಮ ಕೇಳುವ ಶಾಸ್ತ್ರವನ್ನು ಈ ಸಲ ಬಿಟ್ಟಿದ್ದೇನೆ. ನಾನೂ ಅನನ್ಯಾಳೂ ಬದುಕಿದ್ದೇವೆ. ನೀನೂ ಬದುಕಿದ್ದೀಯ ಎಂದು ದಿನಾ ಸಂಜೆ ಅವಳ ಫೋನಿನಿಂದ ಕೇಳಿಸುತ್ತದೆ. ಫೋನು ಮಗಳಿಗೆ, ನಮ್ಮಿಬ್ಬರ ಮಾತು ಕಾಗದದಲ್ಲಿ ಎಂದು ಜನವರಿಯಲ್ಲಿ ನೀನು ಸೂಟ್‌ಕೇಸ್ ಎತ್ತಿಕೊಂಡು ಕಿಲ್ಕೆನ್ನಿಗೆ ಹೊರಟ ದಿನ ಒಪ್ಪಿಕೊಂಡೆವಲ್ಲ, ಅದನ್ನೇ ಪಾಲಿಸುತ್ತಿದ್ದೇನೆ. ಫೋನಿನಲ್ಲಿ ಶುರು ಮಾಡಿದರೆ ಹಾಲು ಉಕ್ಕುವಷ್ಟರಲ್ಲಿ ಜಗಳ. ಕಾಗದದಲ್ಲಿ ಬೈದರೆ ತಲುಪುವುದಕ್ಕಾದರೂ ಎರಡು ದಿನ ಬೇಕು.

ಗುರುವಾರ ಸಂಜೆ ಇಲ್ಲಿಯವರೆಲ್ಲ ಬಾಲ್ಕನಿಗೆ ಬಂದು ಆಸ್ಪತ್ರೆಯವರಿಗಾಗಿ ಚಪ್ಪಾಳೆ ತಟ್ಟಿದರು. ಪಕ್ಕದ ಮನೆಯ ನೂಲಾ ನನ್ನ ಕಡೆಗೇ ತಿರುಗಿ ತಟ್ಟಿದರು. ಹೆಂಡತಿ ಮಗುವಿಗೆ ಅಂಟಬಾರದೆಂದು ಅಷ್ಟು ದೂರ ಒಬ್ಬನೇ ಇದ್ದಾನೆ, ನಿನ್ನ ಡಾಕ್ಟರ್ ಗಂಡ ದೊಡ್ಡ ಮನುಷ್ಯ ಎಂದರು. ಅನನ್ಯಾ ಸೌಟಿನಿಂದ ತಟ್ಟೆ ಬಡಿಯುತ್ತಿದ್ದಳು. ನಾನೂ ತಟ್ಟಿದೆ. ಇನ್ನೇನು ಮಾಡಲಿ?

ಈ ಕಥೆ ಕಟ್ಟಿದವಳು ನಾನಲ್ಲ. ಮನೆಗೆ ಹೋಗೋಕಾಗಲ್ಲ, ಅವರಿಗೆ ಅಂಟುತ್ತೆ ಎಂದು ನೀನು ನಿಮ್ಮಮ್ಮನಿಗೆ ಹೇಳಿದೆ. ಅವರು ಇಡೀ ದಾವಣಗೆರೆಗೆ ಹೇಳಿದರು, ಅನನ್ಯಾ ಕ್ಲಾಸಿಗೆಲ್ಲ ಹೇಳಿದಳು. ವೈರಸ್ ಬಂದದ್ದು ಮಾರ್ಚಿನಲ್ಲಿ, ನೀನು ಹೋದದ್ದು ಜನವರಿಯಲ್ಲಿ. ಅಲ್ಲಿ ಹೊಸ ಕೆಲಸ, ಮನೆ ಸಿಕ್ಕಿಲ್ಲ ಎಂದು ಎರಡು ತಿಂಗಳು ಸಾಗಹಾಕಿದೆವು. ಆಮೇಲೆ ಈ ಕೊರೋನ ದೇವರು ಕಳಿಸಿದ ಹಾಗೆ ಬಂತು ನಿನ್ನ ಪಾಲಿಗೆ.

ನನಗೆ ಒಂದೇ ವಿಷಯ ಗೊತ್ತಾಗಬೇಕು. ಮನೆಯಿಂದ ಎರಡು ಕಿಲೋಮೀಟರ್ ದಾಟಬಾರದೆಂಬ ಈ ಕಟ್ಟು ತೆಗೆದು ದಾರಿ ಬಿಟ್ಟ ದಿನ ನೀನು ಮನೆಗೆ ಬರುತ್ತೀಯೋ ಇಲ್ಲವೋ? ಇಲ್ಲವೆಂದಾದರೆ, ಬಿಟ್ಟುಹೋಗಿದ್ದೇನೆ ಎಂದು ಮಗಳಿಗೂ ನಿಮ್ಮಮ್ಮನಿಗೂ ನೀನೇ ಬಾಯಿಬಿಟ್ಟು ಹೇಳಬೇಕು. ನಿನ್ನ ಪರವಾಗಿ ನಾನು ಹೇಳುವುದಿಲ್ಲ.

ಮತ್ತೆ ನಿನ್ನ ಹಡಗಿನ ಪೆಟ್ಟಿಗೆ. ಎರಡು ವರ್ಷ ಶನಿವಾರ ಬಂತೆಂದರೆ ವಾಟರ್‌ಫರ್ಡಿಗೆ ಓಡಿ, ಇನ್ನೂರು ವರ್ಷ ಹಿಂದಿನ ನಾವಿಕರ ವೇಷ ಕಟ್ಟುವ ಆ ತಂಡದ ಜೊತೆ ಹಗ್ಗ ಎಳೆದೆಯಲ್ಲ. ಮಷೀನು ಮುಟ್ಟದೆ ಕೈಯಲ್ಲೇ ಹೊಲಿದ ಬಟ್ಟೆ ಇದ್ದರೆ ಮಾತ್ರ ಹಡಗಿನ ಯಾನಕ್ಕೆ ಸೇರಿಸುತ್ತಾರೆ ಎಂದು ತಂದುಕೊಂಡ ಬಟ್ಟೆ, ದಾರ, ಮೇಣ ಎಲ್ಲ ಕಪಾಟಿನ ಅರ್ಧ ಜಾಗ ತಿನ್ನುತ್ತಿದೆ. ತಗೊಂಡು ಹೋಗು, ಇಲ್ಲವಾದರೆ ಬಿಸಾಡುತ್ತೇನೆ.

ಚಪ್ಪಾಳೆ ತಟ್ಟಿದ ಕೈಯಿಂದಲೇ,
ವಸುಂಧರಾ


ಕಿಲ್ಕೆನ್ನಿ
17 ಏಪ್ರಿಲ್ 2020

ವಸು,

ಪೋಸ್ಟಿನವರು ಮನೆಮನೆಗೆ ಪುಕ್ಕಟೆ ಹಂಚಿದ ಕಾರ್ಡು ಇದು. ತೆರೆದ ಕಾರ್ಡಾದರೂ ಇಲ್ಲಿಯ ಪೋಸ್ಟ್‌ಮನ್‌ಗೆ ಕನ್ನಡ ಬರುವುದಿಲ್ಲ ಎಂಬ ಧೈರ್ಯದಲ್ಲಿ ಬರೆಯುತ್ತಿದ್ದೇನೆ.

ಆಪರೇಷನ್‌ಗಳನ್ನೆಲ್ಲ ನಿಲ್ಲಿಸಿ ನಮ್ಮನ್ನೂ ಕೋವಿಡ್ ವಾರ್ಡಿಗೆ ಹಾಕಿದ್ದಾರೆ. ಡ್ಯೂಟಿ ಮುಗಿಸಿ ರೂಮಿಗೆ ಬಂದರೆ ಗೋಡೆ ನೋಡಿಕೊಂಡು ಕೂರುವುದಷ್ಟೇ ಆಗುತ್ತದೆ. ನಿನ್ನ ಪ್ರಶ್ನೆ ಸದ್ಯಕ್ಕೆ ಪಕ್ಕಕ್ಕಿರಲಿ. ಇದು ಮುಗಿಯುವವರೆಗೆ ಜನ ಅಂದುಕೊಂಡದ್ದನ್ನು ಅಂದುಕೊಳ್ಳಲಿ. ಯಾರಿಗೂ ನಷ್ಟವಿಲ್ಲ.

ಪೆಟ್ಟಿಗೆ ಬಿಸಾಡಬೇಡ. ಮುಟ್ಟಲೂ ಬೇಡ.

ಮಲ್ಲಿ


ಲೆಪರ್ಡ್ಸ್‌ಟೌನ್
24 ಮೇ 2020

ಮಲ್ಲಿ,

ಮುಟ್ಟಬೇಡ ಎಂದರೆ ಮುಟ್ಟುವವಳು ನಾನು ಎಂದು ನಿನಗೆ ಗೊತ್ತಿದ್ದೂ ಬರೆದೆ.

ಮನೆಯಲ್ಲಿ ಕೂತರೆ ಕೂರಲಾರೆ, ನಿಂತರೆ ನಿಲ್ಲಲಾರೆ. ಊಟದ ಮೇಜಿನ ಮೇಲೇ ಆಫೀಸು, ಅದರ ಆ ತುದಿಯಲ್ಲಿ ಅನನ್ಯಾಳ ಸ್ಕೂಲು. ಮೀಟಿಂಗ್ ಮುಗಿದರೆ ಕಾರ್ ಪಾರ್ಕಿಂಗ್‌ನಲ್ಲಿ ಸುತ್ತುತ್ತೇನೆ. ಕುದುರೆ ರೇಸಿನ ಬಯಲಿನ ಬೇಲಿವರೆಗೆ ಹೋಗಿ ವಾಪಸು ಬರುತ್ತೇನೆ. ಕಾಲಿಗೆ ಚಕ್ರ ಕಟ್ಟಿಕೊಂಡಿದ್ದೀಯ ಎಂದು ಮೈಸೂರಿನಲ್ಲಿ ನನ್ನ ಅಜ್ಜಿ ನನಗೆ ಹೇಳುತ್ತಿದ್ದುದನ್ನೇ ಅನನ್ಯಾ ತನ್ನ ಐರಿಷ್ ಇಂಗ್ಲಿಷಿನಲ್ಲಿ ಹೇಳುತ್ತಾಳೆ. ಹಾಗೆ ಸುತ್ತಿ ಸಾಕಾದ ಒಂದು ಮಧ್ಯಾಹ್ನ ಪೆಟ್ಟಿಗೆ ತೆಗೆದೆ.

ನೀಲಿ ಬಿಳಿ ಚೌಕುಳಿ ಲಿನನ್ ಅಂಗಿಯ ತುಂಡುಗಳು. ಎಲ್ಲವೂ ಚೌಕ, ಇಲ್ಲವೇ ಉದ್ದ ಚೌಕ. ತೋಳಿಗೂ ಕುತ್ತಿಗೆಗೂ ಎಲ್ಲೂ ಒಂದು ವಕ್ರ ಕತ್ತರಿ ಇಲ್ಲ. ಬಟ್ಟೆ ಒಂದಿಷ್ಟೂ ದಂಡವಾಗದ ಹಾಗೆ ಕತ್ತರಿಸಿದ್ದು ನೋಡಿ ಮೆಚ್ಚಿದೆ, ಸುಳ್ಳು ಹೇಳುವುದಿಲ್ಲ. ಆಮೇಲೆ ನೀನು ಹೊಲಿದ ಒಂದೇ ಒಂದು ತೋಳನ್ನು ಒಳಮಗ್ಗುಲು ಮಾಡಿ ನೋಡಿದೆ. ಒಂದು ಹೊಲಿಗೆ, ಒಂದು ಗಂಟು, ದಾರ ಕಟ್. ಮತ್ತೆ ಒಂದು ಹೊಲಿಗೆ, ಒಂದು ಗಂಟು. ಹೊಟ್ಟೆಗೆ ಹಾಕುವ ಹೊಲಿಗೆಯನ್ನು ಅಂಗಿಗೆ ಹಾಕಿದ್ದೀಯಲ್ಲೋ ಸರ್ಜನ್ ಮಹಾಶಯ! ಎಷ್ಟು ನಕ್ಕೆನೆಂದರೆ ಅನನ್ಯಾ ಕ್ಲಾಸು ಬಿಟ್ಟು ಎದ್ದು ಬಂದಳು.

ಮುಚ್ಚಳದ ಒಳಗೆ ಬ್ರೀಡ್ ಎಂದು ಹೆಸರೂ ನಂಬರೂ ಇತ್ತು. ಬಟ್ಟೆ ವಾಪಸು ಕೊಡಬಹುದೇ ಎಂದು ಕೇಳಲು ಫೋನ್ ಮಾಡಿದೆ. ನಿಮ್ಮ ತಂಡದ ಹೊಲಿಗೆ ನೋಡಿಕೊಳ್ಳುವವರು, ಎಪ್ಪತ್ತು ದಾಟಿದ ಹೆಂಗಸು, ಹಡಗಿನ ಹಾಯಿ ಹೊಲಿದು ಗಟ್ಟಿಯಾದ ದನಿ. ಭಾನುವಾರ ಅವರೆಲ್ಲ ಜೂಮಿನಲ್ಲಿ ಸೇರಿ ಹೊಲಿದದ್ದನ್ನು ಒಳಮಗ್ಗುಲು ಮಾಡಿ ಕ್ಯಾಮೆರಾಕ್ಕೆ ಹಿಡಿಯುತ್ತಾರಂತೆ, ನೀನೂ ಬಾ ಎಂದರು. ಹೋದೆ. ನಿನ್ನ ತೋಳು ಹಿಡಿದ ತಕ್ಷಣ ಅವರು ಗುರುತಿಸಿದರು. ಇದನ್ನು ಪೂರ್ತಿ ಬಿಚ್ಚು ಎಂದು ಅವನಿಗೆ ಹೇಳಿದ್ದೆನಲ್ಲ ಎಂದರು. ದಿನವೆಲ್ಲ ಹಗ್ಗ ಎಳೆಯುವವನ ಕಂಕುಳಿಗೆ ಈ ಗಂಟುಗಳು ಉಜ್ಜಿ ಚರ್ಮ ಕೀಳುತ್ತವಂತೆ. ದಾರಕ್ಕೆ ಮೇಣ ಸವರಿ, ಗಂಟಿಲ್ಲದೆ, ಈ ತುದಿಯಿಂದ ಆ ತುದಿಗೆ ಒಂದೇ ಓಟ ಹೊಲಿಯಬೇಕಂತೆ.

ಈಗ ಸೂಜಿ ಮೊನೆಯಿಂದ ನಿನ್ನ ಗಂಟುಗಳನ್ನು ಒಂದೊಂದಾಗಿ ಕೀಳುತ್ತಾ ಕೂತಿದ್ದೇನೆ. ಕೂತಿದ್ದೇನೆ ಎನ್ನುವುದೇ ದೊಡ್ಡ ವಿಷಯ. ನನ್ನ ಪ್ರಶ್ನೆ ಮಾತ್ರ ಹಾಗೇ ಇದೆ.

ವಸುಂಧರಾ


ಕಿಲ್ಕೆನ್ನಿ
25 ಜೂನ್ 2020

ವಸುಂಧರಾ,

ಸೋಮವಾರದಿಂದ ಎಲ್ಲಿಗೆ ಬೇಕಾದರೂ ಹೋಗಬಹುದು ಎಂದು ಗೊತ್ತು. ನಾನು ಬರುವುದಿಲ್ಲ. ನಿಂತುಹೋದ ಆಪರೇಷನ್‌ಗಳೆಲ್ಲ ಬೆಟ್ಟದಷ್ಟು ಬಾಕಿ ಇವೆ, ರೋಸ್ಟರ್ ತುಂಬಿದೆ. ಅನನ್ಯಾಗೂ ಹಾಗೇ ಹೇಳಿದ್ದೇನೆ. ಅದು ಸುಳ್ಳಲ್ಲ.

ಗಂಟು ಹಾಕುವುದಕ್ಕೆ ಕಾರಣ ಇದೆ. ಒಂದೇ ದಾರದಲ್ಲಿ ಓಡಿಸಿದರೆ ಎಲ್ಲಾದರೂ ಒಂದು ಕಡೆ ಕಿತ್ತರೆ ಇಡೀ ಹೊಲಿಗೆ ಬಾಯಿಬಿಡುತ್ತದೆ. ಒಂದೊಂದಕ್ಕೂ ಗಂಟಿದ್ದರೆ ಒಂದು ಹೋದರೂ ಉಳಿದವು ಹಿಡಿದುಕೊಂಡಿರುತ್ತವೆ. ಇದನ್ನು ಬ್ರೀಡ್‌ಗೂ ಹೇಳಿದ್ದೆ.

ನಾನು ಮುಟ್ಟಬೇಡ ಎಂದು ಕೇಳಿಕೊಂಡದ್ದು ಅದೊಂದನ್ನೇ. ಮನೆಯಲ್ಲಿ ನನ್ನದು ಅಂತ ಇದ್ದದ್ದೂ ಅದೊಂದೇ. ಅದನ್ನೂ ಬಿಚ್ಚಿ ಸರಿಮಾಡದೆ ನಿನಗೆ ಇರಲಾಗಲಿಲ್ಲ ಅಲ್ಲವೇ?

ಮಲ್ಲಿಕಾರ್ಜುನ


ಲೆಪರ್ಡ್ಸ್‌ಟೌನ್
30 ಆಗಸ್ಟ್ 2020

ಡಾಕ್ಟರ್ ಮಲ್ಲಿಕಾರ್ಜುನ ಅವರಿಗೆ,

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದರಂತೆ. ಗಂಟಿನ ಶಾಸ್ತ್ರ ಚೆನ್ನಾಗಿದೆ. ಮನುಷ್ಯರ ಹೊಟ್ಟೆಗೆ ಸರಿ ಇರಬಹುದು, ಅಂಗಿಗೆ ಅಲ್ಲ.

ನಿನ್ನ ಅಂಗಿ ಈಗ ನಿನ್ನದಲ್ಲ. ಸರಿಮಾಡಿದ್ದಲ್ಲ, ಕತ್ತರಿಸಿ ನನ್ನ ಅಳತೆಗೆ ಮಾಡಿಕೊಂಡಿದ್ದೇನೆ. ಸಿಟ್ಟಿನಿಂದಲೇ ಕತ್ತರಿಸಿದೆ, ಹೊಲಿಯುತ್ತಾ ಸಿಟ್ಟು ಬೇರೆ ಕಡೆ ಹೋಯಿತು. ನಾನೂ ತಪ್ಪು ಮಾಡಿದೆ. ಪಕ್ಕದ ಹೊಲಿಗೆಗೆ ಮೈಸೂರಿನ ಟೈಲರುಗಳ ಹಾಗೆ ಒಳಗಡೆ ಎರಡು ಬೆರಳು ಬಟ್ಟೆ ಬಿಟ್ಟಿದ್ದೆ. ದಪ್ಪಗಾದರೆ ಬಿಚ್ಚಿಕೊಳ್ಳಬಹುದಲ್ಲ. ಜೂಮಿನಲ್ಲಿ ಅದನ್ನು ನೋಡಿ ಎಲ್ಲರೂ ನಕ್ಕರು. ಹಡಗಿನ ಊಟ ತಿಂದು ಯಾವ ನಾವಿಕನೂ ದಪ್ಪಗಾದದ್ದಿಲ್ಲವಂತೆ. ಅಂಚನ್ನು ಒಳಕ್ಕೆ ಮಡಿಸಿ ಒತ್ತಿ ಹೊಲಿದುಬಿಡಬೇಕಂತೆ. ಹಾಗೇ ಹೊಲಿದೆ. ಗ್ರ್ಯಾಂಡ್ ಎಂದರು ಬ್ರೀಡ್. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ.

ದಾರಿಗಳು ತೆರೆದು ಎರಡು ತಿಂಗಳಾಯಿತು. ಇನ್ನೂ ಬರಲಿಲ್ಲವೇ ಎಂದು ನೂಲಾ ಕೇಳುತ್ತಾರೆ. ಬಾಕಿ ಆಪರೇಷನ್ ಎಂದೆ. ಒಂದು ಸುಳ್ಳು ಸಾಕಲು ಇನ್ನೊಂದು ಸುಳ್ಳು, ಅದಕ್ಕೆ ಊಟ ಹಾಕುವವಳು ನಾನು.

ಈಗ ಇದನ್ನು ಓದು. ಕಳೆದ ಭಾನುವಾರ ಎಲ್ಲರೂ ಹೋದ ಮೇಲೆ ಬ್ರೀಡ್ ಜೊತೆ ಮಾತಾಡುತ್ತಾ ಕೂತಿದ್ದೆ. ನಿಮ್ಮ ತಂಡ ನನ್ನ ಗಂಡನನ್ನು ಪೂರ್ತಿ ಕಸಿದುಕೊಂಡಿತ್ತು, ಹೋದ ವರ್ಷ ಕ್ರಿಸ್‌ಮಸ್‌ವರೆಗೂ ಒಂದು ಶನಿವಾರ ತಪ್ಪಿಸಲಿಲ್ಲ ಎಂದು ಚೇಷ್ಟೆ ಮಾಡಿದೆ. ಆಕೆ ಕೈಯಲ್ಲಿದ್ದ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟರು. ಆಮೇಲೆ ನಿಧಾನವಾಗಿ, "ಹೋದ ವರ್ಷ ಬೇಸಿಗೆ ಮುಗಿದ ಮೇಲೆ ಅವನು ನಮ್ಮ ಹತ್ತಿರ ಬಂದೇ ಇಲ್ಲ ಕಣಮ್ಮ" ಎಂದರು.

ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಪ್ರತಿ ಶನಿವಾರ ನಾನು ನಿನಗೆ ಚಪಾತಿ ಕಟ್ಟಿಕೊಟ್ಟಿದ್ದೇನೆ. ಭಾನುವಾರ ಸಂಜೆ ಹಡಗು ಹೇಗಿತ್ತು ಎಂದು ಕೇಳಿದ್ದೇನೆ. ಚೆನ್ನಾಗಿತ್ತು ಎಂದಿದ್ದೀಯ.

ಎಲ್ಲಿಗೆ ಹೋಗುತ್ತಿದ್ದೆ?

ವಸುಂಧರಾ


ಕಿಲ್ಕೆನ್ನಿ
25 ಅಕ್ಟೋಬರ್ 2020

ವಸು,

ಬೇಗ ಬರೆಯಲಾಗಲಿಲ್ಲ. ಬರೆದು ಹರಿದೆ, ಮತ್ತೆ ಬರೆದೆ. ಈಗ ಮತ್ತೆ ಐದು ಕಿಲೋಮೀಟರಿನ ಕಟ್ಟು ಬಂದಿದೆ. ಅದನ್ನು ಕೇಳಿ ನನಗೆ ಸಮಾಧಾನವಾಯಿತು. ಸಮಾಧಾನವಾಯಿತಲ್ಲ ಎಂದು ನಾಚಿಕೆಯೂ ಆಯಿತು.

ಎಲ್ಲಿಗೂ ಹೋಗುತ್ತಿರಲಿಲ್ಲ. ವಾಟರ್‌ಫರ್ಡಿನ ದಾರಿಯಲ್ಲಿ ಮೋಟರ್‌ವೇ ಬಿಟ್ಟು ಥಾಮಸ್‌ಟೌನ್ ಕಡೆ ತಿರುಗಿ, ಅಲ್ಲಿ ನದಿಯ ಪಕ್ಕ ಕಾರು ನಿಲ್ಲಿಸುತ್ತಿದ್ದೆ. ಸೀಟು ಹಿಂದಕ್ಕೆ ಮಾಡಿ ಮಲಗುತ್ತಿದ್ದೆ. ಎದ್ದು ನಿನ್ನ ಚಪಾತಿ ತಿನ್ನುತ್ತಿದ್ದೆ. ರಾತ್ರಿ ಅಲ್ಲೇ ಒಂದು ರೂಮು. ಯಾರ ಜೊತೆಗೂ ಅಲ್ಲ. ಇದನ್ನು ನೀನು ನಂಬುತ್ತೀಯ ಎಂದೇ ನನಗೆ ಹೆದರಿಕೆ.

ಹೋದ ವರ್ಷ ಸ್ಪೆಷಲಿಸ್ಟ್ ಸರ್ಜನ್ ತರಬೇತಿಯ ಸೀಟು ಮತ್ತೆ ತಪ್ಪಿತಲ್ಲ. ಮತ್ತೆ ಆರು ತಿಂಗಳ ಕಾಂಟ್ರಾಕ್ಟು, ಮತ್ತೆ ಬೇರೆ ಆಸ್ಪತ್ರೆ, ನನಗಿಂತ ಚಿಕ್ಕವರ ಕೈಕೆಳಗೆ. ಆ ಸಂಜೆ ನೀನು ಲ್ಯಾಪ್‌ಟಾಪ್ ತೆಗೆದು ಮುಂದಿನ ಸಲಕ್ಕೆ ಏನೇನು ಮಾಡಬೇಕು ಎಂದು ಪ್ಲಾನ್ ಹಾಕಿಕೊಟ್ಟೆ. ಒಳ್ಳೆಯದಕ್ಕೇ ಮಾಡಿದೆ. ಪ್ಲಾನ್ ಚೆನ್ನಾಗಿಯೇ ಇತ್ತು. ನನಗೆ ಬೇಕಾಗಿದ್ದದ್ದು ಯಾರೂ ಏನೂ ಹೇಳದ ಒಂದು ಜಾಗ. ಹಡಗಿನಲ್ಲಿ ಅದು ಸಿಗುತ್ತದೆ ಅಂದುಕೊಂಡೆ. ಅಲ್ಲಿ ಬ್ರೀಡ್ ತೋಳು ನೋಡಿ, ಪೂರ್ತಿ ಬಿಚ್ಚು, ಮೊದಲಿನಿಂದ ಮಾಡು ಎಂದರು. ಸಣ್ಣ ಮಾತು. ಆದರೆ ಅಲ್ಲೂ ಮೊದಲಿನಿಂದ ಎಂದ ಮೇಲೆ ಕೈ ಏಳಲಿಲ್ಲ. ಮುಂದಿನ ಶನಿವಾರ ಹೋಗಲಿಲ್ಲ. ನಿನಗೆ ಹೇಳಲೂ ಇಲ್ಲ.

ಜನವರಿಯಲ್ಲಿ ಕಿಲ್ಕೆನ್ನಿ ಕೆಲಸ ಸಿಕ್ಕಾಗ ಅದೇ ನದಿಯ ಮೇಲಿನ ಊರು ಎಂದು ಒಪ್ಪಿಕೊಂಡೆ. ಅಷ್ಟೇ.

ಮಲ್ಲಿ


ಲೆಪರ್ಡ್ಸ್‌ಟೌನ್
8 ನವೆಂಬರ್ 2020

ಮಲ್ಲಿ,

ನಂಬಿದ್ದೇನೆ. ಅದಕ್ಕೇ ಇಷ್ಟು ಉರಿಯುತ್ತಿದೆ.

ಬೇರೆ ಹೆಣ್ಣೊಬ್ಬಳು ಇದ್ದಿದ್ದರೆ ಅವಳ ಜುಟ್ಟು ಹಿಡಿಯಬಹುದಿತ್ತು. ನಾಲ್ಕು ಜನ ನನ್ನ ಕಡೆ ಮಾತಾಡುತ್ತಿದ್ದರು. ನೀನು ಒಂದು ಖಾಲಿ ಕಾರ್ ಪಾರ್ಕಿಂಗ್‌ಗಾಗಿ ನನ್ನನ್ನು ಬಿಟ್ಟೆ. ಅದರ ಜೊತೆ ಹೇಗೆ ಜಗಳವಾಡಲಿ?

ಪ್ಲಾನ್ ಹಾಕಿದೆ, ನಿಜ. ನನಗೆ ಗೊತ್ತಿರುವುದು ಅದೇ. ಯಾರಾದರೂ ಬಿದ್ದರೆ ಎತ್ತಲು ಓಡುತ್ತೇನೆ, ಸ್ವಲ್ಪ ಹೊತ್ತು ಬಿದ್ದಿರಲು ಬಿಡಬೇಕು ಎಂದು ನನಗೆ ಯಾರೂ ಹೇಳಿರಲಿಲ್ಲ. ನೀನು ಹೇಳಬಹುದಿತ್ತು. ಸುಮ್ಮನೆ ಬಿಡು ವಸು ಎಂದರೆ ಸಾಕಾಗಿತ್ತು. ನಾಲ್ಕು ತಿಂಗಳು ಹಡಗಿನ ಕಥೆ ಕಟ್ಟುವಷ್ಟು ಬಾಯಿ ಇದ್ದವನಿಗೆ ಇಷ್ಟು ಮಾತಿಗೆ ಬಾಯಿರಲಿಲ್ಲವೇ?

ಕೋಟು ಶುರು ಮಾಡಿದ್ದೇನೆ. ದಪ್ಪ ಉಣ್ಣೆ, ಸೂಜಿ ಇಳಿಯುವುದಿಲ್ಲ, ಬೆರಳೆಲ್ಲ ತೂತು. ಹೀಗೇ ಇರಲಿ.

ಕ್ರಿಸ್‌ಮಸ್ಸಿಗೆ ದಾರಿ ಬಿಟ್ಟರೆ ಬಾ. ಅನನ್ಯಾ ಕೇಳುತ್ತಿದ್ದಾಳೆ. ಅವಳಿಗೆ ಎದುರೆದುರು ಕೂತು ಹೇಳು.

ವಸುಂಧರಾ


ಲೆಪರ್ಡ್ಸ್‌ಟೌನ್
17 ಜನವರಿ 2021

ಮಲ್ಲಿ,

ನೀನು ಬಂದೆ, ಎರಡು ದಿನ ಇದ್ದೆ, ಹೋದೆ. ಹೇಳಲಿಲ್ಲ.

ನಾನು ಕಾಯುತ್ತಲೇ ಇದ್ದೆ. ತಿಂಡಿಯ ಹೊತ್ತಿಗೆ ಹೇಳುತ್ತೀಯ ಅಂದುಕೊಂಡೆ, ಊಟದ ಹೊತ್ತಿಗೆ ಅಂದುಕೊಂಡೆ. ನಿಮ್ಮಮ್ಮ ವಿಡಿಯೋ ಕಾಲಿನಲ್ಲಿ ಫೋನಿಗೇ ಆರತಿ ಎತ್ತಿದರು, ನೀನು ತಲೆ ಬಗ್ಗಿಸಿ ತೆಗೆದುಕೊಂಡೆ. ನೂಲಾ ಮಾಸ್ಕ್ ಹಾಕಿಕೊಂಡು ಬಾಗಿಲಲ್ಲಿ ನಿಂತು ಕೇಕು ಕೊಟ್ಟರು, ಕಣ್ಣಲ್ಲಿ ನೀರು ತಂದುಕೊಂಡರು. ಏನಿಲ್ಲ, ಎಲ್ಲರೂ ಕೈಲಾದದ್ದು ಮಾಡ್ತಿದ್ದೀವಿ ಎಂದೆ ನೀನು. ನಾನು ಅಡಿಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದೆ. ಚಾಕು ಕೆಳಗಿಟ್ಟು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ.

ಅದೆಲ್ಲ ಹೋಗಲಿ. ನೀನು ಹೋದ ಮೇಲೆ ಏನಾಯಿತು ಗೊತ್ತಾ? ಸ್ಕೂಲು ಮತ್ತೆ ಆನ್‌ಲೈನ್ ಆಗಿದೆ. ಟೀಚರ್ ಅನನ್ಯಾಳಿಗೆ ಅಪ್ಪನ ಬಗ್ಗೆ ಮಾತಾಡಲು ಹೇಳಿದರು. ಅವಳು ಕನ್ನಡಿ ಮುಂದೆ ಪ್ರಾಕ್ಟೀಸ್ ಮಾಡಿ, ತಲೆ ಬಾಚಿಕೊಂಡು, ಕ್ಲಾಸಿನವರೆಲ್ಲರ ಮುಂದೆ ನಮ್ಮಪ್ಪ ನಮಗೋಸ್ಕರ ದೂರ ಇದ್ದಾರೆ ಎಂದಳು. ನಾನು ಮೇಜಿನ ಈ ತುದಿಯಲ್ಲಿ ಮೀಟಿಂಗಿನಲ್ಲಿದ್ದೆ. ಕ್ಯಾಮೆರಾ ಆಫ್ ಮಾಡಿದೆ. ಇಷ್ಟು ದಿನ ಸುಳ್ಳು ನಮ್ಮಿಬ್ಬರದು ಅಂದುಕೊಂಡಿದ್ದೆ. ಈಗ ಅದನ್ನು ಅವಳ ಬಾಯಲ್ಲಿ ಇಟ್ಟಿದ್ದೇವೆ.

ಇನ್ನೊಂದು. ಕುರ್ಚಿಯ ಮೇಲಿದ್ದ ನನ್ನ ಕೋಟಿನ ಗುಂಡಿ ಕಾಜವನ್ನು ನೀನು ಬೆರಳಿನಿಂದ ಸವರಿ ನೋಡಿದೆ. ಆಮೇಲೆ ಮಡಿಸಿಟ್ಟೆ. ನೋಡಿದ್ದನ್ನು ನಾನು ನೋಡಿದೆ. ಏನಾದರೂ ಹೇಳುತ್ತೀಯ ಎಂದು ಅದಕ್ಕೂ ಕಾದೆ.

ವಸುಂಧರಾ


ಕಿಲ್ಕೆನ್ನಿ
16 ಮೇ 2021

ವಸು,

ನಾಲ್ಕು ತಿಂಗಳು ಬರೆಯಲಿಲ್ಲ. ಜನವರಿ, ಫೆಬ್ರವರಿಯಲ್ಲಿ ಇಲ್ಲಿ ನಡೆದದ್ದನ್ನು ಕಾಗದದಲ್ಲಿ ಬರೆಯುವುದಿಲ್ಲ. ಒಬ್ಬ ಮುದುಕರು ಇದ್ದರು, ಅವರ ಹೆಂಡತಿ ಕಿಟಕಿಯ ಹೊರಗೆ ನಿಂತು ದಿನಾ ಕೈ ಬೀಸುತ್ತಿದ್ದರು. ಇಷ್ಟೇ ಸಾಕು.

ಆ ದಿನಗಳಲ್ಲಿ ನನ್ನ ರೂಮು ನನಗೆ ಬೇಡವಾಯಿತು. ಯಾರೂ ಏನೂ ಹೇಳದ ಜಾಗ ಬೇಕು ಎಂದು ಬಂದವನು ನಾನು. ಬಾಗಿಲು ತೆಗೆದರೆ ಯಾರಾದರೂ, ಸ್ನಾನ ಮಾಡು, ತಟ್ಟೆ ಹಾಕಿದ್ದೇನೆ, ಏನು ಹೀಗೆ ನಿಂತಿದ್ದೀಯ ಎಂದು ಗದರಲಿ ಅನಿಸಿತು. ನೀನೇ ಗದರಬೇಕು ಅನಿಸಿತು.

ಕ್ರಿಸ್‌ಮಸ್ಸಿನಲ್ಲಿ ಹೇಳಲು ಆಗಲಿಲ್ಲ. ಅನನ್ಯಾ ನನ್ನ ಕಡೆ ನೋಡುತ್ತಿದ್ದ ರೀತಿ ಹಾಗಿತ್ತು. ಯಾರೂ ನನ್ನನ್ನು ಹಾಗೆ ನೋಡಿ ಬಹಳ ವರ್ಷವಾಗಿತ್ತು. ಅದನ್ನು ಕೈಯಾರೆ ಕಳೆದುಕೊಳ್ಳಲು ಮನಸ್ಸು ಬರಲಿಲ್ಲ.

ನಿನ್ನ ಕಾಜ ಬಹಳ ಚೆನ್ನಾಗಿತ್ತು. ನನ್ನ ಕೈಯಲ್ಲಿ ಅಂಥದ್ದು ಆಗುವುದಿಲ್ಲ. ಆವತ್ತೇ ಹೇಳಬೇಕಿತ್ತು.

ಟಾಲಾದ ಆಸ್ಪತ್ರೆಯಲ್ಲಿ ಜುಲೈಯಿಂದ ಕೆಲಸ ಸಿಕ್ಕಿದೆ. ಇದೂ ಕಾಂಟ್ರಾಕ್ಟೇ, ಆದರೆ ಮನೆಯಿಂದ ಹೋಗಿಬರಬಹುದು. ದಾರಿಗಳೂ ತೆರೆದಿವೆ. ಎಲ್ಲರೂ ಕಾಯಿಲೆ ಇಳಿಯಿತು, ಡಾಕ್ಟರು ಮನೆಗೆ ಬಂದರು ಎಂದುಕೊಳ್ಳುತ್ತಾರೆ. ನಾವು ಯಾರಿಗೂ ಏನೂ ಹೇಳುವ ಅಗತ್ಯವೇ ಬರುವುದಿಲ್ಲ.

ನಾನು ಮನೆಗೆ ಬರಲೇ?

ಮಲ್ಲಿ


ಲೆಪರ್ಡ್ಸ್‌ಟೌನ್
6 ಜೂನ್ 2021

ಮಲ್ಲಿ,

ನಿನ್ನ ಕಾಗದವನ್ನು ಎಷ್ಟೋ ಸಲ ಓದಿದೆ. ನಾನೇ ಗದರಬೇಕು ಅನಿಸಿತು ಎಂದು ಬರೆದಿದ್ದೀಯಲ್ಲ, ಅಲ್ಲಿಗೆ ಬಂದಾಗಲೆಲ್ಲ ಬಾ ಎಂದು ಬರೆದುಬಿಡೋಣ ಅನಿಸಿತು. ಮುಂದೆ ಓದಿದರೆ ಯಾರಿಗೂ ಹೇಳುವ ಅಗತ್ಯವಿಲ್ಲ ಎಂದಿದೆ. ಅಲ್ಲಿಗೆ ಬಂದಾಗಲೆಲ್ಲ ಪೆನ್ನು ಕೆಳಗಿಟ್ಟೆ. ಬಿಟ್ಟುಹೋದದ್ದೂ ಗೊತ್ತಾಗಲಿಲ್ಲ, ಬಂದದ್ದೂ ಗೊತ್ತಾಗಲಿಲ್ಲ ಎಂದಾದರೆ ನಾನು ಈ ಒಂದೂವರೆ ವರ್ಷ ಎಲ್ಲಿದ್ದೆ?

ಅದಕ್ಕೇ ನಾನೇ ಹೇಳಿದೆ. ನಿನ್ನ ಪರವಾಗಿ ಹೇಳುವುದಿಲ್ಲ ಎಂದು ಹಿಂದೆ ಬರೆದಿದ್ದೆ, ಈಗಲೂ ನಿನ್ನ ಪರವಾಗಿ ಅಲ್ಲ. ನನ್ನ ಪರವಾಗಿ ಹೇಳಿದೆ.

ಮೊದಲು ನಿಮ್ಮಮ್ಮನಿಗೆ. ನಿಮ್ಮಮ್ಮ ಬಸಲಿಂಗಮ್ಮನವರು ಹೇಳಿದ್ದನ್ನು ಅವರ ಮಾತಲ್ಲೇ ಬರೆಯುತ್ತೇನೆ. "ನಂಗೊತ್ತಿತ್ತು ಬಿಡವ್ವ. ಆ ವರ್ಷ ಸಂಕ್ರಾಂತಿ ಹಬ್ಬದ ದಿನ ವಿಡಿಯೋದಾಗ ನೋಡಿದ್ರೆ ಅವ್ನು ಒಬ್ನೇ ಮ್ಯಾಗಿ ಮಾಡ್ಕೊಂಡು ತಿಂತಿದ್ದ. ಆಗೆಲ್ಲಿತ್ತು ನಿಮ್ ಕೊರೋನ? ನಾಕು ಜನಕ್ಕೆ ಹೇಳ್ಕೊಳ್ಳಾಕೆ ಚೆಂದ ಐತೆ ಅಂತ ನಾನೂ ಸುಮ್ಕಿದ್ದೆ." ಆಮೇಲೆ, ನಿನ್ನ ಕೈಬೆರಳು ಹೇಗಿದೆ, ಸೂಜಿ ಚುಚ್ಚಿದ್ದಕ್ಕೆ ಅರಿಶಿನ ಹಚ್ಚಿದೆಯಾ ಎಂದು ಕೇಳಿದರು.

ನೂಲಾಗೂ ಹೇಳಿದೆ. ಬಾಲ್ಕನಿಯಿಂದ ಬಾಲ್ಕನಿಗೇ ಹೇಳಿದೆ. ಅವರು ಒಳಗೆ ಹೋಗಿ ಎರಡು ಕಪ್ ಚಹಾ ಮಾಡಿ ತಂದು ಒಂದನ್ನು ಅಡ್ಡಗೋಡೆಯ ಮೇಲಿಟ್ಟರು.

ಅನನ್ಯಾಳಿಗೆ ಹೇಳುವುದು ಕಷ್ಟವಾಯಿತು. ಕಾರ್ ಪಾರ್ಕಿಂಗ್‌ನಲ್ಲಿ ಜೊತೆಗೆ ಸುತ್ತುತ್ತಾ ಹೇಳಿದೆ. ಅಪ್ಪ ಹೋದದ್ದು ಬರೀ ಕೆಲಸಕ್ಕಲ್ಲ, ವೈರಸ್‌ಗೆ ಮೊದಲೇ ಮನೆ ಬಿಟ್ಟು ಹೋಗಿದ್ದ, ನಾವಿಬ್ಬರೂ ಸೇರಿ ನಿನ್ನ ಹತ್ತಿರ ಮುಚ್ಚಿಟ್ಟೆವು ಎಂದೆ. ಅಳಲಿಲ್ಲ. ಕ್ಲಾಸಿನಲ್ಲಿ ನಾನು ಮಾತಾಡುವಾಗ ನಿನಗೆ ಗೊತ್ತಿತ್ತಲ್ಲ ಎಂದಳು. ಹೌದು ಎಂದೆ. ಆಮೇಲೆ ಎರಡು ದಿನ ನನ್ನ ಜೊತೆ ಮಾತಿಲ್ಲ. ಮೂರನೆಯ ದಿನ ನಾನು ಗುಂಡಿ ಹೊಲಿಯುತ್ತಿದ್ದಾಗ ಪಕ್ಕಕ್ಕೆ ಬಂದು ನಿಂತು ಒಂದು ಪ್ರಶ್ನೆ ಕೇಳಿದಳು. ಅವಳ ಇಂಗ್ಲಿಷಿನಲ್ಲೇ ಕೇಳಿದಳು. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಅಪ್ಪ ಬಿಟ್ಟುಹೋಗಿದ್ದು ನಿನ್ನನ್ನಾ, ನಮ್ಮಿಬ್ಬರನ್ನಾ?"

ಅದಕ್ಕೆ ಉತ್ತರ ಕೊಡಬೇಕಾದವಳು ನಾನಲ್ಲ. ಅಪ್ಪನನ್ನೇ ಕೇಳು ಎಂದೆ. ಫೋನಿನಲ್ಲಿ ಕೇಳುವುದಿಲ್ಲವಂತೆ. ನಿನ್ನ ಫೋನುಗಳನ್ನು ಅವಳು ಯಾಕೆ ತೆಗೆಯುತ್ತಿಲ್ಲ ಎಂದು ಈಗ ನಿನಗೆ ಗೊತ್ತಾಯಿತು.

ನನ್ನ ಬಟ್ಟೆ ಪೂರ್ತಿಯಾಗಿದೆ. ಅಂಗಿ, ಗಿಡ್ಡ ಷರಾಯಿ, ಕೋಟು. ಬ್ರೀಡ್ ಅಂಗಿಯನ್ನು ಒಳಮಗ್ಗುಲು ಮಾಡಿ, ಬೆಳಕಿಗೆ ಹಿಡಿದು, ಹೊಲಿಗೆಯ ಉದ್ದಕ್ಕೂ ಉಗುರು ಎಳೆದು ನೋಡಿ ಪಾಸು ಮಾಡಿದರು. ಬರುವ ಶನಿವಾರ ಸಣ್ಣ ಯಾನ ಇದೆ, ಕೆಲವೇ ಜನ. ಅದರಲ್ಲಿ ನಾನೊಬ್ಬಳು. ಬೆಳಗ್ಗೆ ಹೊರಟು ಭಾನುವಾರ ಸಂಜೆ ವಾಪಸು ಬರುತ್ತೇನೆ. ನೀನು ಹಡಗಿಗೆ ಹೋಗುತ್ತೇನೆ ಎಂದು ಹೇಳಿ ಹೋಗದಿದ್ದ ಶನಿವಾರಗಳಲ್ಲೆಲ್ಲ ನಾನು ಮನೆಯಲ್ಲಿದ್ದೆ. ಈ ಶನಿವಾರ ನಾನು ನಿಜವಾಗಿಯೂ ಹಡಗಿನಲ್ಲಿರುತ್ತೇನೆ.

ನೀನು ಶನಿವಾರ ಬೆಳಗ್ಗೆ ಮನೆಗೆ ಬಾ. ಕಾಯಿಲೆ ಇಳಿಯಿತೆಂದು ಬಂದ ಡಾಕ್ಟರಾಗಿ ಅಲ್ಲ, ಬಿಟ್ಟುಹೋಗಿದ್ದವನು ಬಂದಿದ್ದಾನೆ ಎನ್ನುವ ಹಾಗೆ ಬಾ. ಸೂಟ್‌ಕೇಸ್ ತರಬೇಕೋ ಬೇಡವೋ ನೀನೇ ಯೋಚಿಸು. ಟಾಲಾದ ಕೆಲಸ, ನಾವಿಬ್ಬರು ಒಂದೇ ಮನೆಯಲ್ಲಿ ಇರುವುದು, ಅದೆಲ್ಲ ನಾನು ಬಂದ ಮೇಲೆ ಮಾತಾಡೋಣ. ನನಗೂ ನಿನ್ನ ಹತ್ತಿರ ಕೇಳುವುದಿದೆ, ಆದರೆ ಮೊದಲ ಸರದಿ ಅವಳದು.

ಅವಳು ಬಾಗಿಲು ತೆಗೆಯುತ್ತಾಳೆ, ಅಷ್ಟಕ್ಕೆ ಒಪ್ಪಿದ್ದಾಳೆ. ಉತ್ತರ ತೆಗೆದುಕೊಂಡು ಬಾ. ಈ ಸಲ ಮಧ್ಯದಲ್ಲಿ ನಾನು ಇರುವುದಿಲ್ಲ.

ವಸು